ಹಿಮದ ಕೆರೆಯ ಹಂಸಗಳಿಗೆ ಹೆಸರಿಟ್ಟ ಸರ್ ಪೀಟರ್ ಸ್ಕಾಟ್

ಹಂಸವೆಂದರೆ ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ಪರಿಚಿತವಾದ ಪಕ್ಷಿ. ಸರಸ್ವತಿಯ ಚಿತ್ರಪಟದಲ್ಲಿ ಅದನ್ನು ಕಾಣುತ್ತೇವೆ, ನಳದಮಯಂತಿಯರ ಕಥೆಯಲ್ಲಿ ಅದರ ದೌತ್ಯವನ್ನು ಕೇಳುತ್ತೇವೆ, ಹಾಲನ್ನೂ ನೀರನ್ನೂ ಬೇರ್ಪಡಿಸುವ ನ್ಯಾಯದ ಮಾತು ಬಂದಾಗ ಅದನ್ನು ನೆನೆಯುತ್ತೇವೆ. ಆದರೆ ನಮ್ಮಲ್ಲಿ ಬಹುಮಂದಿ ಕಾಡುಹಂಸವನ್ನು ಕಣ್ಣಾರೆ ಕಂಡವರಲ್ಲ. ನಮ್ಮ ಕೆರೆಗಳಿಗೆ ಬರುವ ಪಕ್ಷಿಯಲ್ಲ ಅದು. ದೂರದ ಇಂಗ್ಲೆಂಡಿನಲ್ಲಿ, ತನ್ನ ಮನೆಯ ಕಿಟಕಿಯ ಮುಂದಿನ ಪುಟ್ಟ ಕೆರೆಗೆ ಪ್ರತಿ ಚಳಿಗಾಲದಲ್ಲಿ ಬರುತ್ತಿದ್ದ ನೂರಾರು ಹಂಸಗಳನ್ನು ಒಂದೊಂದಾಗಿ ಮುಖ ನೋಡಿ ಗುರುತಿಸಿ, ಹೆಸರಿಟ್ಟು, ಅವುಗಳ ವಂಶಾವಳಿಯನ್ನು ಬರೆದಿಟ್ಟ ಮಹನೀಯರೊಬ್ಬರಿದ್ದರು. ಅವರೇ ಸರ್ ಪೀಟರ್ ಸ್ಕಾಟ್. ಚಿತ್ರಕಾರ, ನೌಕಾಧಿಕಾರಿ, ಒಲಿಂಪಿಕ್ ಪದಕ ವಿಜೇತ, ಜಗತ್ತಿನ ವನ್ಯಜೀವಿ ಸಂರಕ್ಷಣೆಯ ಆದ್ಯರಲ್ಲೊಬ್ಬರು ಎಂದು ಹಲವು ಬಗೆಯಲ್ಲಿ ಖ್ಯಾತರಾದ ಅವರ ಬದುಕನ್ನು ನಮ್ಮ ಓದುಗರ ಮುಂದಿಡಲು ಬಯಸುತ್ತೇವೆ.

ಪೀಟರ್ ಮಾರ್ಕಮ್ ಸ್ಕಾಟ್ ಅವರು 1909ರ ಸೆಪ್ಟೆಂಬರ್ 14ರಂದು ಲಂಡನ್ನಿನಲ್ಲಿ ಜನಿಸಿದರು. ತಂದೆ ರಾಬರ್ಟ್ ಫಾಲ್ಕನ್ ಸ್ಕಾಟ್, ದಕ್ಷಿಣ ಧ್ರುವದ ಸಾಹಸಯಾತ್ರೆಯಿಂದ ಜಗತ್ಪ್ರಸಿದ್ಧರಾದವರು. ತಾಯಿ ಕ್ಯಾಥ್ಲೀನ್, ಹೆಸರಾಂತ ಶಿಲ್ಪಿ. ಮಗುವಿಗೆ ವರ್ಷ ತುಂಬುವ ಮೊದಲೇ ತಂದೆ ಧ್ರುವಯಾತ್ರೆಗೆ ಹೊರಟರು. 1912ರ ಜನವರಿ 17ರಂದು ಅವರು ನಾಲ್ವರು ಸಂಗಡಿಗರೊಂದಿಗೆ ಧ್ರುವವನ್ನು ತಲುಪಿದಾಗ, ನಾರ್ವೆಯ ಅಮುಂಡ್ಸೆನ್ ಅದಕ್ಕಿಂತ ಸುಮಾರು ಐದು ವಾರ ಮೊದಲೇ ಅಲ್ಲಿಗೆ ಬಂದುಹೋಗಿದ್ದರು. ಮರಳುವ ದಾರಿಯಲ್ಲಿ ಐವರೂ ಪ್ರಾಣ ತೆತ್ತರು. ಆಹಾರ ಸಂಗ್ರಹವಿದ್ದ ಠಾಣೆಯಿಂದ ಕೇವಲ 18 ಕಿಲೋಮೀಟರ್ ದೂರದಲ್ಲಿ, ಹಿಮಗಾಳಿಯ ನಡುವೆ, ಗುಡಾರವೊಂದರಲ್ಲಿ ಸ್ಕಾಟ್ ಮತ್ತು ಕೊನೆಯ ಇಬ್ಬರು ಸಂಗಡಿಗರು ಅಸುನೀಗಿದರು. ತಿಂಗಳುಗಳ ನಂತರ ಹಿಮದಲ್ಲಿ ಹುದುಗಿದ್ದ ಆ ಗುಡಾರವನ್ನು ಹುಡುಕಿ ತೆಗೆದಾಗ, ಹೆಂಡತಿಗೆ ಬರೆದ ಕಾಗದವೂ ದೊರೆಯಿತು. ಸಾಯುವ ಮುನ್ನ ಆ ತಂದೆ ಮಗನ ಬಗೆಗೆ ಒಂದು ಕೋರಿಕೆಯನ್ನು ಅದರಲ್ಲಿ ಬರೆದಿದ್ದರು. ಸಾಧ್ಯವಾದರೆ ಹುಡುಗನಿಗೆ ಪ್ರಕೃತಿಯ ಅಧ್ಯಯನದಲ್ಲಿ ಆಸಕ್ತಿ ಮೂಡಿಸಬೇಕು, ಅದು ಆಟೋಟಗಳಿಗಿಂತ ಮೇಲು ಎಂಬುದು ಅದರ ಆಶಯ.

ಪತಿಯನ್ನು ಎದುರುಗೊಳ್ಳಲೆಂದು ನ್ಯೂಜಿಲೆಂಡಿಗೆ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಕ್ಯಾಥ್ಲೀನ್ ಅವರಿಗೆ ನಡುಗಡಲಿನಲ್ಲೇ, 1913ರ ಫೆಬ್ರವರಿಯಲ್ಲಿ, ಮರಣವಾರ್ತೆ ತಲುಪಿತು. ಧೀರೆಯಾದ ಆ ತಾಯಿ ಪತಿಯ ಕೊನೆಯ ಮಾತನ್ನು ವ್ರತವೆಂಬಂತೆ ನಡೆಸಿದರು. ಮಗನನ್ನು ಮುದ್ದಿನಿಂದ ಮೆತ್ತಗಾಗಿಸದೆ, ಚಳಿಗಾಳಿಗೆ ಒಗ್ಗುವಂತೆ ಬೆಳೆಸಿದರು. ಹುಳುಹುಪ್ಪಟೆ, ಕಪ್ಪೆ, ಹಕ್ಕಿಗಳ ಸಹವಾಸಕ್ಕೆ ಅಡ್ಡಿ ಮಾಡಲಿಲ್ಲ. ಬಾಲಕನಿಗೆ ಪೀಟರ್ ಎಂಬ ಹೆಸರು ಬಂದದ್ದು ಪೀಟರ್ ಪ್ಯಾನ್ ನಾಟಕದ ನಾಯಕನಿಂದ. ಆ ನಾಟಕವನ್ನು ಬರೆದ ಜೆ.ಎಂ. ಬ್ಯಾರಿಯವರೇ ಅವನ ಧರ್ಮಪಿತರಾಗಿದ್ದರು. ದೇಶವೆಲ್ಲ ವೀರನೆಂದು ಕೊಂಡಾಡುವ ತಂದೆಯ ಮಗನಾಗಿ ಬೆಳೆಯುವುದು ಸುಲಭದ ಮಾತಲ್ಲ. ಎಲ್ಲಿಗೆ ಹೋದರೂ ತಂದೆಯ ಹೆಸರೇ ಮುಂದಾಗಿ ನಡೆಯುತ್ತದೆ, ಮಗನು ಹಿಂದೆ ಉಳಿಯುತ್ತಾನೆ. ತನ್ನದೇ ಆದ ದಾರಿಯನ್ನು ಕಂಡುಕೊಳ್ಳುವ ಹಂಬಲ ಪೀಟರ್ ಅವರನ್ನು ಜೀವಮಾನವಿಡೀ ಬಿಡಲಿಲ್ಲವೆಂದು ನಮಗೆ ತೋರುತ್ತದೆ.

ಔಂಡಲ್ ಶಾಲೆಯಲ್ಲಿ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ ಪೀಟರ್, ವಿಜ್ಞಾನದಿಂದ ಆರಂಭಿಸಿ ಕಲೆಯ ಇತಿಹಾಸಕ್ಕೆ ಹೊರಳಿ 1931ರಲ್ಲಿ ಪದವಿ ಪಡೆದರು. ಆ ದಿನಗಳಲ್ಲಿ ಅವರನ್ನು ಪಾಠಗಳಿಗಿಂತ ಹೆಚ್ಚಾಗಿ ಸೆಳೆದದ್ದು ಇಂಗ್ಲೆಂಡಿನ ಪೂರ್ವ ಕರಾವಳಿಯ ಜೌಗು ನೆಲ. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಮುಂದೆ ಪಕ್ಷಿಗಳ ಮಹಾರಕ್ಷಕರಾದ ಪೀಟರ್ ಸ್ಕಾಟ್ ಅವರು ಯೌವನದಲ್ಲಿ ಅತ್ಯುತ್ಸಾಹಿ ಬೇಟೆಗಾರರಾಗಿದ್ದರು. ನಡುಗುವ ಚಳಿಯ ಮುಂಜಾವುಗಳಲ್ಲಿ, ಕೆಸರಿನಲ್ಲಿ ಮಲಗಿ, ಸಮುದ್ರದ ಕಡೆಯಿಂದ ಹಾರಿಬರುವ ಹೆಬ್ಬಾತುಗಳ ಹಿಂಡುಗಳಿಗಾಗಿ ಬಂದೂಕು ಹಿಡಿದು ಕಾಯುತ್ತಿದ್ದರು. ಹೆಬ್ಬಾತುಗಳ ಹಾರಾಟ, ಅವುಗಳ ಕೂಗು, ಉದಯದ ಬೆಳಕಿನಲ್ಲಿ ಅವುಗಳ ಸಾಲು ಇವೆಲ್ಲ ಅವರ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಈ ಕಾಯುವಿಕೆಯಲ್ಲೇ. ನಮ್ಮ ಮುಂಬಯಿಯ ಡಾ. ಸಲೀಂ ಅಲಿಯವರೂ ಬಾಲ್ಯದಲ್ಲಿ ಗುಬ್ಬಚ್ಚಿಗೆ ಗುರಿಯಿಟ್ಟವರೇ ಎಂಬುದನ್ನು ಓದುಗರು ಇಲ್ಲಿ ನೆನೆಯಬಹುದು.

1933ರಲ್ಲಿ ಪೀಟರ್ ಅವರ ಚಿತ್ರಗಳ ಮೊದಲ ಪ್ರದರ್ಶನ ಲಂಡನ್ನಿನಲ್ಲಿ ನಡೆಯಿತು. ಅದೇ ವರ್ಷ ಅವರು ನೆನ್ ನದಿ ಸಮುದ್ರದೆಡೆಗೆ ಸಾಗುವ ಸಟನ್ ಬ್ರಿಜ್ ಬಳಿಯ ದೀಪಸ್ತಂಭದಲ್ಲಿ ವಾಸವಾದರು. ಅದರ ಸುತ್ತ ಹೆಬ್ಬಾತುಗಳನ್ನು ಸಾಕತೊಡಗಿದರು. ಒಂದು ವರ್ಷ ಕಾಡುಹೆಬ್ಬಾತೊಂದು ತಾನಾಗಿಯೇ ಬಂದು ಈ ಸಾಕುಹಿಂಡಿನೊಡನೆ ಚಳಿಗಾಲ ಕಳೆದು, ವಸಂತದಲ್ಲಿ ಉತ್ತರಕ್ಕೆ ಹಾರಿಹೋಯಿತು. ಅದು ಮುಂದಿನ ಶರತ್ಕಾಲದಲ್ಲಿ ಮತ್ತೆ ಅದೇ ದೀಪಸ್ತಂಭವನ್ನು ಹುಡುಕಿಕೊಂಡು ಬಂದಾಗ ಸ್ಕಾಟ್ ಅವರಿಗಾದ ಆನಂದಕ್ಕೆ ಪಾರವಿರಲಿಲ್ಲ. ಪಾಲ್ ಗ್ಯಾಲಿಕೊ ಎಂಬ ಲೇಖಕರು ಬರೆದು 1941ರಲ್ಲಿ ಪ್ರಕಟವಾದ ಹಿಮಹೆಬ್ಬಾತಿನ ಪ್ರಸಿದ್ಧ ಕಥೆಗೆ ದೀಪಸ್ತಂಭದ ಈ ಬದುಕೇ ಪ್ರೇರಣೆಯಾಯಿತು.

1936ರ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ನಡೆಸುವ ಹಾಯಿದೋಣಿಯ ಸ್ಪರ್ಧೆಯಲ್ಲಿ ಅವರು ಕಂಚಿನ ಪದಕ ಗಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಗೆ ಸೇರಿ, ಶೌರ್ಯಕ್ಕಾಗಿ ಪದಕಗಳನ್ನು ಪಡೆದರು. ಅವರು ನಡೆಸಿದ ಯುದ್ಧನೌಕೆಯ ಹೆಸರು ಗ್ರೇ ಗೂಸ್, ಅಂದರೆ ಬೂದು ಹೆಬ್ಬಾತು ಎಂಬುದು ಒಂದು ಸೊಗಸಾದ ಸಂಗತಿ.

ಯುದ್ಧ ಮುಗಿದ ಡಿಸೆಂಬರಿನಲ್ಲಿ, ಅಂದರೆ 1945ರ ಚಳಿಗಾಲದಲ್ಲಿ, ಅವರ ಬದುಕಿನ ದಿಕ್ಕು ಬದಲಾಯಿತು. ಗ್ಲಾಸ್ಟರ್‌ಶೈರ್‌ನ ಸೆವೆರ್ನ್ ನದಿಯ ಅಂಚಿನಲ್ಲಿ ಸ್ಲಿಮ್‌ಬ್ರಿಜ್ ಎಂಬ ಹಳ್ಳಿಯಿದೆ. ಅಲ್ಲಿಯ ಹುಲ್ಲುಗಾವಲುಗಳಿಗೆ ಬಿಳಿಹಣೆಯ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತಿದ್ದವು. ಅವುಗಳ ನಡುವೆ ಅತಿ ವಿರಳವಾದ ಕಿರಿಯ ಬಿಳಿಹಣೆ ಹೆಬ್ಬಾತು ಇದ್ದೀತೇ ಎಂದು ನೋಡಲು ಸ್ಕಾಟ್ ಅವರು ಮಿತ್ರರೊಂದಿಗೆ ಹೋದರು. ಯುದ್ಧಕಾಲದಲ್ಲಿ ಶತ್ರುವನ್ನು ಎದುರಿಸಲೆಂದು ಕಟ್ಟಿದ್ದ ಕಾಂಕ್ರೀಟ್ ಗೂಡಿನಲ್ಲಿ ಅಡಗಿ, ದುರ್ಬೀನಿನಿಂದ ಹಿಂಡನ್ನು ಶೋಧಿಸಿದಾಗ ಅವರು ಅರಸಿದ ಪಕ್ಷಿ ಕಣ್ಣಿಗೆ ಬಿತ್ತು. ಜಗತ್ತಿನ ಎಲ್ಲ ಬಗೆಯ ಜಲಪಕ್ಷಿಗಳ ಅಧ್ಯಯನಕ್ಕೆ ಇದೇ ತಕ್ಕ ಸ್ಥಳವೆಂದು ಅವರಿಗೆ ಆಗಲೇ ಹೊಳೆಯಿತು. 1946ರ ನವೆಂಬರ್ 10ರಂದು ಸೆವೆರ್ನ್ ಜಲಪಕ್ಷಿ ಟ್ರಸ್ಟ್ ಸ್ಥಾಪನೆಯಾಯಿತು. ವಿಜ್ಞಾನಿಗಳಿಗೆ ಮಾತ್ರವಲ್ಲದೆ ಸಾಮಾನ್ಯ ಜನರಿಗೂ ಪಕ್ಷಿಗಳನ್ನು ಹತ್ತಿರದಿಂದ ನೋಡುವ ಅವಕಾಶವಿರಬೇಕೆಂಬುದು ಅವರ ಸಂಕಲ್ಪವಾಗಿತ್ತು.

ಆದರೂ ಬಂದೂಕು ತಕ್ಷಣ ಕೈಬಿಡಲಿಲ್ಲ. ಒಮ್ಮೆ ಗುಂಡೇಟು ತಿಂದ ಹೆಬ್ಬಾತೊಂದು ಯಾರೂ ಹೆಜ್ಜೆಯಿಡಲಾಗದ ಮೆತ್ತನೆಯ ಕೆಸರಿನ ಬಯಲಿನಲ್ಲಿ ಬಿದ್ದಿತು. ಅದನ್ನು ತರಲೂ ಆಗದು, ನೋವಿನಿಂದ ಬಿಡಿಸಲೂ ಆಗದು. ಮರುದಿನ ನೋಡಿದರೆ ಅದು ಅಲ್ಲಿಯೇ, ಇನ್ನೂ ಜೀವಂತವಾಗಿತ್ತು. ಈ ದೃಶ್ಯ ಸ್ಕಾಟ್ ಅವರನ್ನು ಬಹುಕಾಲ ಕಾಡಿತು. ತಾನು ಇಷ್ಟೊಂದು ಪ್ರೀತಿಸುವ ಜೀವಿಗೆ ಇಂಥ ಯಾತನೆಯನ್ನು ಕೊಡುವ ಹಕ್ಕು ತನಗೆ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. 1950ರ ದಶಕದಲ್ಲಿ ಅವರು ಬೇಟೆಯನ್ನು ಸಂಪೂರ್ಣವಾಗಿ ತ್ಯಜಿಸಿದರು. ಅದನ್ನು ಮುಚ್ಚಿಡದೆ 1961ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದುಕೊಂಡರು. ತಪ್ಪನ್ನು ಕಂಡುಕೊಂಡು ಬದಲಾಗುವುದು ಹಿರಿತನದ ಲಕ್ಷಣವೆಂದು ನಾವು ನಂಬಿದ್ದೇವೆ.

ಸ್ಲಿಮ್‌ಬ್ರಿಜ್ ಸಂಸ್ಥೆಯ ಮೊದಲ ದೊಡ್ಡ ಕಾರ್ಯ ಹವಾಯಿ ದ್ವೀಪಗಳ ನೆನೆ ಹೆಬ್ಬಾತಿನ ರಕ್ಷಣೆ. 1950ರ ಸುಮಾರಿಗೆ ಜಗತ್ತಿನಲ್ಲಿ ಉಳಿದಿದ್ದ ನೆನೆ ಹಕ್ಕಿಗಳು ಕೆಲವೇ ಹತ್ತುಗಳಷ್ಟು. ಆ ವರ್ಷ ಹವಾಯಿಯಿಂದ ಒಂದು ಜೋಡಿಯನ್ನು ಸ್ಲಿಮ್‌ಬ್ರಿಜ್‌ಗೆ ತರಿಸಲಾಯಿತು. ಜೋಡಿಯೆಂದು ತಿಳಿದಿದ್ದ ಎರಡೂ ಹಕ್ಕಿಗಳು ಗೂಡು ಕಟ್ಟಿ ಮೊಟ್ಟೆಯಿಟ್ಟಾಗಲೇ ಎರಡೂ ಹೆಣ್ಣೆಂಬುದು ಗೊತ್ತಾದದ್ದು! ತುರ್ತಾಗಿ ಗಂಡು ಹಕ್ಕಿಯೊಂದನ್ನು ಕರೆಸಿಕೊಳ್ಳಲಾಯಿತು. 1952ರಲ್ಲಿ ಮರಿಗಳಾದವು. ಹತ್ತು ವರ್ಷಗಳ ನಂತರ, 1962ರಲ್ಲಿ, ಸ್ಲಿಮ್‌ಬ್ರಿಜ್‌ನಲ್ಲಿ ಬೆಳೆದ ಹಕ್ಕಿಗಳನ್ನು ಹವಾಯಿಯ ಮಾವಿ ದ್ವೀಪದ ಬೆಟ್ಟದಲ್ಲಿ ಬಿಡುಗಡೆ ಮಾಡಲಾಯಿತು. ಹವಾಯಿಯಲ್ಲಿಯೇ ನಡೆದ ಸಾಕಣೆಯ ಕಾರ್ಯವೂ ಇದರೊಡನೆ ಸೇರಿ, ನಶಿಸಿಯೇ ಹೋಗಬಹುದಾಗಿದ್ದ ಪಕ್ಷಿಯ ಸಂಖ್ಯೆ 2019ರ ವೇಳೆಗೆ ಎರಡು ಸಾವಿರವನ್ನು ದಾಟಿತ್ತು.

ಇನ್ನು ಹಂಸಗಳ ಮಾತಿಗೆ ಬರೋಣ. ಸ್ಕಾಟ್ ಅವರ ಮನೆಯ ಚಿತ್ರಶಾಲೆಗೆ ಗೋಡೆಯಗಲದ ಕಿಟಕಿಯೊಂದಿತ್ತು. ಅದರ ಮುಂದೆಯೇ ಕೆರೆ. ಆ ಕಿಟಕಿಯ ಬಳಿ ಕುಳಿತೇ ಅವರು ಚಿತ್ರ ಬರೆಯುತ್ತಿದ್ದರು, ಕಾಗದಪತ್ರ ನೋಡುತ್ತಿದ್ದರು, ತಲೆಯೆತ್ತಿದರೆ ಪಕ್ಷಿಗಳನ್ನು ಕಾಣುತ್ತಿದ್ದರು. 1962ರ ಡಿಸೆಂಬರಿನಿಂದ 1963ರ ಮಾರ್ಚಿನವರೆಗೆ ಇಂಗ್ಲೆಂಡನ್ನು ಭೀಕರ ಹಿಮಗಾಲ ಆವರಿಸಿತ್ತು. ನದಿ ಕೆರೆಗಳು ಹೆಪ್ಪುಗಟ್ಟಿ, ಅಸಂಖ್ಯಾತ ಪಕ್ಷಿಗಳು ಆಹಾರವಿಲ್ಲದೆ ಸತ್ತವು. ಇಂಥ ದಿನಗಳಲ್ಲಿ ಹೆಪ್ಪುಗಟ್ಟದೆ ಉಳಿದ ನೀರು ಎಲ್ಲಿದೆಯೋ ಅಲ್ಲಿಗೆ ಸುತ್ತಲಿನ ಜಲಪಕ್ಷಿಗಳೆಲ್ಲ ಬಂದು ಸೇರುತ್ತವೆ. ಹಿಮ ಬಿದ್ದ ಕೆರೆ ಪಕ್ಷಿವೀಕ್ಷಕನಿಗೆ ಹಬ್ಬವೆನಿಸುವುದು ಇದರಿಂದಲೇ. ಆದರೆ ಅದೇ ನೋಟ ಪಕ್ಷಿಗಳ ಪಾಲಿಗೆ ಪ್ರಾಣಸಂಕಟ ಎಂಬುದನ್ನು ಸ್ಕಾಟ್ ಅವರಂಥವರು ಮರೆಯಲಿಲ್ಲ.

ಅದರ ಮರುವರ್ಷದ ಚಳಿಗಾಲದಲ್ಲಿ, ಸಾಕಿದ ಹಂಸಗಳನ್ನು ಕಿಟಕಿಯ ಮುಂದಿನ ಕೆರೆಗೆ ತರಲಾಯಿತು. ಅವುಗಳ ಕೂಗಿಗೆ ಆಕರ್ಷಿತವಾಗಿ ಬ್ಯೂಯಿಕ್ ಹಂಸಗಳೆಂಬ ಕಾಡುಹಂಸಗಳು ಅಲ್ಲಿಗೆ ಇಳಿಯತೊಡಗಿದವು. ರಷ್ಯಾದ ಉತ್ತರ ತುದಿಯ ಆರ್ಕ್ಟಿಕ್ ಬಯಲಿನಿಂದ ಸುಮಾರು 4,000 ಕಿಲೋಮೀಟರ್ ಹಾರಿಬರುವ ಪಕ್ಷಿಗಳಿವು. ಅಲ್ಲಿ ನೆಲವೆಲ್ಲ ಹೆಪ್ಪುಗಟ್ಟುವಾಗ ಸಮುದ್ರದ ಬೆಚ್ಚನೆಯ ಗಾಳಿಯಿಂದ ಸೌಮ್ಯವಾಗಿರುವ ಪಶ್ಚಿಮ ಯುರೋಪಿಗೆ ಬರುತ್ತವೆ. ಅವುಗಳನ್ನು ದಿನವೂ ನೋಡುತ್ತ ಚಿತ್ರ ಬರೆಯುತ್ತಿದ್ದ ಸ್ಕಾಟ್ ಅವರ ಕಲಾವಿದನ ಕಣ್ಣಿಗೆ ಒಂದು ಸಂಗತಿ ಗೋಚರಿಸಿತು. ಕೊಕ್ಕಿನ ಮೇಲಿನ ಕಪ್ಪು ಹಳದಿ ಬಣ್ಣಗಳ ವಿನ್ಯಾಸ ಒಂದು ಹಂಸದಂತೆ ಇನ್ನೊಂದಕ್ಕಿಲ್ಲ. ಮನುಷ್ಯರ ಬೆರಳಚ್ಚಿನಂತೆ ಪ್ರತಿಯೊಂದಕ್ಕೂ ಅದು ಬೇರೆ. ಹಾಗಾದರೆ ಕಾಲಿಗೆ ಬಳೆ ತೊಡಿಸದೆಯೇ, ಹಿಡಿಯದೆಯೇ, ಪ್ರತಿ ಹಂಸವನ್ನೂ ಗುರುತಿಸಬಹುದಲ್ಲವೇ? ಅವರು ಪ್ರತಿಯೊಂದರ ಮುಖವನ್ನು ಎದುರಿನಿಂದ ಮತ್ತು ಪಾರ್ಶ್ವದಿಂದ ಪುಟ್ಟ ಚಿತ್ರಗಳಾಗಿ ಬರೆದು, ಒಂದೊಂದಕ್ಕೆ ಹೆಸರಿಟ್ಟರು. ಪತ್ನಿ ಫಿಲಿಪ್ಪಾ ಮತ್ತು ಮಗಳು ಡಫಿಲಾ ಈ ಕೆಲಸದಲ್ಲಿ ಜೊತೆಯಾದರು. ಡಫಿಲಾ ಎಂಬುದು ಸೂಜಿಬಾಲದ ಬಾತಿನ ಹಳೆಯ ಶಾಸ್ತ್ರೀಯ ನಾಮ. ಮಗಳಿಗೂ ಹಕ್ಕಿಯ ಹೆಸರನ್ನೇ ಇಟ್ಟಿದ್ದರು! ಮುಂದೆ ಆಕೆಯೂ ಹಂಸಗಳನ್ನು ಅಧ್ಯಯನ ಮಾಡಿದರು, ಚಿತ್ರಕಾರರಾದರು.

1964ರಲ್ಲಿ ಹೀಗೆ ಮನೆಮಂದಿಯ ಹವ್ಯಾಸದಂತೆ ಆರಂಭವಾದ ದಾಖಲೆ, ಒಂದೇ ಜಾತಿಯ ಕಾಡುಪಕ್ಷಿಗಳನ್ನು ಒಂದೊಂದಾಗಿ ಅನುಸರಿಸಿದ ಜಗತ್ತಿನ ದೀರ್ಘಕಾಲದ ಅಧ್ಯಯನಗಳಲ್ಲಿ ಒಂದಾಯಿತು. ಯಾವ ಹಂಸ ಯಾರೊಡನೆ ಜೋಡಿಯಾಯಿತು, ಯಾವ ವರ್ಷ ಎಷ್ಟು ಮರಿಗಳೊಂದಿಗೆ ಬಂತು, ಯಾವುದು ಬರಲೇ ಇಲ್ಲ ಎಂಬುದೆಲ್ಲ ಅದರಲ್ಲಿದೆ. ಹಂಸ ದಂಪತಿಗಳು ಬಹುತೇಕ ಜೀವಮಾನವಿಡೀ ಜೊತೆಗಿರುತ್ತವೆ. ಇಬ್ಬರೂ ಬದುಕಿದ್ದು ಬೇರೆಯಾದ ಜೋಡಿಗಳು ನಾಲ್ಕು ದಶಕಗಳಿಗೂ ಹೆಚ್ಚಿನ ಅವಧಿಯಲ್ಲಿ, 2010ರವರೆಗೆ, ಅಲ್ಲಿ ಕಂಡುಬಂದದ್ದು ಎರಡೇ ಎರಡು. ಮರಿಗಳು ಮೊದಲ ಚಳಿಗಾಲವನ್ನು ತಂದೆತಾಯಿಯರ ಜೊತೆಯಲ್ಲೇ ಕಳೆಯುತ್ತವೆ. ಹಾರುವ ದಾರಿಯನ್ನೂ ಇಳಿಯುವ ಕೆರೆಯನ್ನೂ ಹಿರಿಯರೊಡನೆ ಪ್ರಯಾಣಿಸಿಯೇ ಕಲಿಯುತ್ತವೆ. ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆಸಿದ, ಬೇಸಗೆ ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಮನೆಗೆ ಕರೆದೊಯ್ದು ಊರಿನ ದಾರಿಯನ್ನು ತೋರಿಸಿಕೊಡುವ ನಮ್ಮಂಥವರಿಗೆ ಈ ಸಂಗತಿ ಹೃದಯಕ್ಕೆ ಹತ್ತಿರವಾದದ್ದು. ದಾರಿ ತೋರುವ ಹಿರಿಯರಿಲ್ಲದಿದ್ದರೆ ಮರಿಗೆ ಕೆರೆ ಸಿಗದು.

ಚಳಿಗಾಲದ ಸಂಜೆಗಳಲ್ಲಿ ಆ ಕೆರೆಗೆ ದೀಪಗಳ ಬೆಳಕು ಹರಿಸಿ, ಧಾನ್ಯ ಚೆಲ್ಲಿ, ಜನರು ಒಳಗೆ ಬೆಚ್ಚಗೆ ಕುಳಿತು ಹಂಸಗಳನ್ನು ನೋಡುವ ಏರ್ಪಾಡನ್ನೂ ಮಾಡಲಾಯಿತು. 1955ರಿಂದ ಬಿಬಿಸಿ ದೂರದರ್ಶನದ ವನ್ಯಜೀವಿ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದ ಸ್ಕಾಟ್ ಅವರ ಮೂಲಕ ಬ್ರಿಟನ್ನಿನ ಮನೆಮನೆಗೂ ಪಕ್ಷಿಗಳ ಪರಿಚಯವಾಯಿತು. 1961ರಲ್ಲಿ ವಿಶ್ವ ವನ್ಯಜೀವಿ ನಿಧಿಯನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು. ಅದರ ಪ್ರಸಿದ್ಧ ಪಾಂಡಾ ಲಾಂಛನವನ್ನು ರೂಪಿಸಿದವರು ಅವರೇ. ಆ ಸಂಸ್ಥೆಯ ಭಾರತೀಯ ಶಾಖೆ 1969ರಲ್ಲಿ ಆರಂಭವಾದದ್ದು ನಮ್ಮ ಮುಂಬಯಿಯಲ್ಲಿ ಎಂಬುದು ಇಲ್ಲಿಯ ಕನ್ನಡಿಗರು ತಿಳಿದಿರಬೇಕಾದ ಸಂಗತಿ. ಅಳಿವಿನಂಚಿನ ಜೀವಿಗಳನ್ನು ಪಟ್ಟಿಮಾಡುವ ಕೆಂಪು ದತ್ತಾಂಶ ಪುಸ್ತಕಗಳ ಕಲ್ಪನೆಯೂ ಅವರದೇ. 1973ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು.

ಮಹನೀಯರೆಂದು ಅವರಿಂದ ತಪ್ಪೇ ಆಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಸ್ಕಾಟ್‌ಲೆಂಡಿನ ನೆಸ್ ಸರೋವರದಲ್ಲಿ ವಿಚಿತ್ರ ಪ್ರಾಣಿಯೊಂದು ಇದೆಯೆಂದು ನಂಬಿ, 1975ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮವನ್ನೂ ಕೊಟ್ಟು ಅವರು ಪರಿಹಾಸ್ಯಕ್ಕೆ ಗುರಿಯಾದರು. ಮೊದಲ ದಾಂಪತ್ಯ ಮುರಿದುಬಿದ್ದಿತ್ತು. ಹಲವು ಕಾರ್ಯಗಳ ನಡುವೆ ಮನೆಯಲ್ಲಿರುವ ದಿನಗಳು ಕಡಿಮೆಯಾಗಿದ್ದವು. ಆದರೆ ಹಿಡಿದ ಮುಖ್ಯ ಕಾರ್ಯವನ್ನು ಅವರು ಕೈಬಿಡಲಿಲ್ಲ.

ತಂದೆಯನ್ನು ಬಲಿತೆಗೆದುಕೊಂಡ ಅಂಟಾರ್ಕ್ಟಿಕಾಕ್ಕೂ ಅವರು ಮುಂದೆ ಹೋಗಿಬಂದರು. ತಂದೆಯ ಮುಖವನ್ನು ನೆನಪಿಟ್ಟುಕೊಳ್ಳುವ ವಯಸ್ಸಿನಲ್ಲಿ ಅವರನ್ನು ಕಾಣದ ಮಗ, ತಂದೆ ಕಟ್ಟಿಸಿದ್ದ ಮರದ ಮನೆಯ ಮುಂದೆ ನಿಂತಾಗ ಏನನ್ನು ಯೋಚಿಸಿದರೋ ನಾವು ಊಹಿಸಬಯಸುವುದಿಲ್ಲ. ಹಿಮದ ಗುಡಾರದಲ್ಲಿ ಬರೆದ ಆ ಕೋರಿಕೆ ನೆರವೇರಿತ್ತು ಎಂದಷ್ಟೇ ಹೇಳಬಹುದು.

1989ರ ಆಗಸ್ಟ್ 29ರಂದು, 80 ವರ್ಷ ತುಂಬಲು ಕೆಲವೇ ದಿನಗಳಿರುವಾಗ, ಸರ್ ಪೀಟರ್ ಸ್ಕಾಟ್ ಬ್ರಿಸ್ಟಲ್‌ನಲ್ಲಿ ನಿಧನರಾದರು. ಅವರು ಸ್ಥಾಪಿಸಿದ ಸಂಸ್ಥೆ ಬೆಳೆದು ಬ್ರಿಟನ್ನಿನಲ್ಲಿ ಹಲವು ಕೇಂದ್ರಗಳನ್ನು ಹೊಂದಿದೆ. ಆದರೆ ಹಂಸಗಳ ಕಥೆ ಈಗ ಕಳವಳ ಹುಟ್ಟಿಸುವಂತಿದೆ. 1995ರಲ್ಲಿ ಸುಮಾರು 29,000 ಇದ್ದ ವಾಯವ್ಯ ಯುರೋಪಿನ ಬ್ಯೂಯಿಕ್ ಹಂಸಗಳು 2010ರ ವೇಳೆಗೆ ಸುಮಾರು 18,000ಕ್ಕೆ ಇಳಿದಿದ್ದವು. ಅವುಗಳಲ್ಲೂ ಹಲವು, ಚಳಿಗಾಲ ಬೆಚ್ಚಗಾಗುತ್ತಿರುವುದರಿಂದ, ಜರ್ಮನಿ ಮತ್ತು ನೆದರ್‌ಲೆಂಡಿನಲ್ಲಿಯೇ ನಿಂತುಬಿಡುತ್ತವೆ. ಸ್ಲಿಮ್‌ಬ್ರಿಜ್‌ನ ಕಿಟಕಿಯ ಮುಂದೆ ಇಳಿಯುವ ಹಂಸಗಳು ಹಿಂದಿಗಿಂತ ಬಹಳ ಕಡಿಮೆಯಾಗಿವೆ. ಒಂದೊಂದನ್ನೂ ಬಲ್ಲ ಮನೆಯವರಿದ್ದುದರಿಂದಲೇ ಯಾವುದು ಬರಲಿಲ್ಲವೆಂಬುದೂ ಜಗತ್ತಿಗೆ ತಿಳಿಯಿತು.

1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಆದ ಜೌಗುಪ್ರದೇಶಗಳ ಒಪ್ಪಂದದ ಹಿಂದೆ ಸ್ಲಿಮ್‌ಬ್ರಿಜ್‌ನವರ ಶ್ರಮ ದೊಡ್ಡದು. ಆ ಒಪ್ಪಂದದ ಪಟ್ಟಿಗೆ 2022ರಲ್ಲಿ ನಮ್ಮ ರಂಗನತಿಟ್ಟು ಮತ್ತು ಮುಂಬಯಿಯ ಮಗ್ಗುಲಿನ ಠಾಣೆ ಕೊಲ್ಲಿ ಸೇರಿದವು. 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದವು. ಮಾಗಡಿ ಕೆರೆಯಲ್ಲಿ ಹಿಮ ಬೀಳುವುದಿಲ್ಲ ನಿಜ. ಆದರೆ ಹಿಮಾಲಯದ ಆಚೆಯ ಹಿಮದ ನಾಡಿನಿಂದ ಪಟ್ಟೆತಲೆ ಹೆಬ್ಬಾತುಗಳು ಪ್ರತಿ ಚಳಿಗಾಲದಲ್ಲಿ ಅಲ್ಲಿಗೆ ಹಾರಿಬರುತ್ತವೆ. ಈ ಚಳಿಗಾಲದಲ್ಲಿ ಊರಿಗೆ ಹೋಗುವ ನಮ್ಮ ಓದುಗರು ಒಂದು ಮುಂಜಾವನ್ನು ಮಕ್ಕಳೊಂದಿಗೆ ಇಂಥ ಕೆರೆಯ ದಂಡೆಯಲ್ಲಿ ಕಳೆಯಲಿ ಎಂದು ನಾವು ವಿನಂತಿಸುತ್ತೇವೆ. ಸದ್ದು ಮಾಡದೆ, ದೂರದಿಂದಲೇ, ತಾಳ್ಮೆಯಿಂದ ನೋಡಿದರೆ ಸಾಕು. ಒಬ್ಬ ತಂದೆ ಮಗನಿಗೆ ಬಿಟ್ಟುಹೋಗಬಯಸಿದ್ದು ಇದನ್ನೇ.